ಸೈಲೆನ್ಸರಿಗೆ ಬೆಸುಗೆ ಹಾಕಿಸುವ ಮುನ್ನ

ದುಡ್ಡು ಕೊಟ್ಟು ಸೈಲೆನ್ಸರ್ ಕೆಡಿಸಿಕೊಂಡವನು ನಾನು. ಒಂದು ಭಾನುವಾರ ಬೈಕ್ ತೊಳೆಯುತ್ತಿದ್ದಾಗ ಸೈಲೆನ್ಸರಿನ ಹೊಟ್ಟೆಯಡಿ ಬೆಂಕಿಕಡ್ಡಿ ತೂರುವಷ್ಟು ಸಣ್ಣ ತೂತು ಕಣ್ಣಿಗೆ ಬಿತ್ತು. ಸುತ್ತ ಮಸಿ ಬೇರೆ. ತೂತು ಬಿತ್ತಲ್ಲ ಎಂದು ಗಾಬರಿಯಾಗಿ, ಮಾರನೆಯ ದಿನವೇ ವೆಲ್ಡಿಂಗ್ ಅಂಗಡಿಯೊಂದಕ್ಕೆ ಹೋಗಿ ಮುಚ್ಚಿಸಿಕೊಂಡು ಬಂದೆ. ಬೆಸುಗೆ ಹಾಕಿದವರು ಯಾಕೆಂದು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಹೊಟ್ಟೆ ಒಳಗಿಂದ ಕೊಳೆತು, ಹೆಬ್ಬೆರಳಿಟ್ಟು ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ನೀರು ಬಸಿದುಹೋಗಲಿ ಎಂದು ಕಂಪನಿಯವರೇ ಬಿಟ್ಟಿದ್ದ ತೂತನ್ನು ನಾನು ಮುಚ್ಚಿಸಿದ್ದೆ.

ಸೈಲೆನ್ಸರಿನೊಳಗೆ ನೀರೆಲ್ಲಿಂದ ಬಂತು ಎಂದು ಕೇಳಬಹುದು. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಉರಿದಾಗ ಗಾಳಿಯ ಆಮ್ಲಜನಕ ಸೇರಿ ನೀರಾಗುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು. ಎಂಜಿನ್ ಚೆನ್ನಾಗಿ ಕಾದಿದ್ದರೆ ಇದು ಆವಿಯಾಗಿಯೇ ಹೊರಹೋಗುತ್ತದೆ. ಕಾಯದಿದ್ದರೆ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ತಳದಲ್ಲಿ ನಿಲ್ಲುತ್ತದೆ. ಉರಿದ ಅನಿಲದ ಆಮ್ಲಗಳೂ ಅದರಲ್ಲಿ ಕರಗಿರುವುದರಿಂದ ಬರೀ ನೀರಿಗಿಂತ ಬೇಗ ಕಬ್ಬಿಣ ತಿನ್ನುತ್ತದೆ.

ನಮ್ಮ ಬೆಂಗಳೂರಿನ ಹಳೆಯ ಬಡಾವಣೆಗಳ ಬೈಕುಗಳಿಗೆ ಈ ರೋಗ ಹೆಚ್ಚು. ಚಾಮರಾಜಪೇಟೆ 1892ರದು, ಬಸವನಗುಡಿ ಮತ್ತು ಮಲ್ಲೇಶ್ವರ 1898ರ ಪ್ಲೇಗಿನ ಕಾಲದವು. ಮೂರೂ ಕಾಲ್ನಡಿಗೆಯ ಅಳತೆಯಲ್ಲಿ ಹುಟ್ಟಿದ ಊರುಗಳು. ಹಾಲು, ಹೂವು, ತರಕಾರಿ, ದೇವಸ್ಥಾನ, ಬ್ಯಾಂಕು ಎಲ್ಲ ಒಂದೆರಡು ಕಿಲೋಮೀಟರಿನೊಳಗೆ. ಬೆಳಿಗ್ಗೆ ಗಾಂಧಿ ಬಜಾರಿಗೆ ಹೋಗಿ ಬರುವ ಬೈಕಿನ ಎಂಜಿನ್ ಬಿಸಿಯಾಗುವುದರೊಳಗೆ ಮನೆ ಬಂದಿರುತ್ತದೆ. ಸೈಲೆನ್ಸರಿನ ಹಿಂಬದಿಯಂತೂ ಬೆಚ್ಚಗೂ ಆಗಿರುವುದಿಲ್ಲ. ದಿನಾ ಹೆದ್ದಾರಿಯಲ್ಲಿ ಓಡುವ ಬೈಕಿನ ಸೈಲೆನ್ಸರ್ ವರ್ಷಗಟ್ಟಲೆ ಬಾಳಿದರೆ, ಮನೆಯ ಮುಂದೆ ಜೋಪಾನವಾಗಿ ಇಟ್ಟದ್ದು ಕೊಳೆಯುವುದು ಹೀಗೆ. ಗೇಟಿನ ಮುಂದೆ ಐದು ನಿಮಿಷ ಗುರ್ರೆನ್ನಿಸಿ ಆಫ್ ಮಾಡುವ ಅಭ್ಯಾಸ ಹಲವರಿಗಿದೆ. ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು: ನೀರು ತಯಾರಾಗುತ್ತದೆ, ಅದನ್ನು ಹೊರದೂಡುವಷ್ಟು ಕಾವು ಬರುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಎಲ್ಲಾದರೂ ಓಡಿಸಿಕೊಂಡು ಬನ್ನಿ.

ಇಷ್ಟು ತುಕ್ಕಿನ ಮಾತಾಯಿತು. ಬಿರುಕಿನ ಕಥೆ ಬೇರೆ. ತುಕ್ಕಿನ ತೂತು ಸಾಮಾನ್ಯವಾಗಿ ಹೊಟ್ಟೆಯ ತಳದಲ್ಲಿ, ಅಂಚು ಹರಕುಮುರುಕಾಗಿ ಬರುತ್ತದೆ. ಬಿರುಕು ಬರುವುದು ಎಳೆತ ಇರುವ ಕಡೆ: ಫುಟ್‌ರೆಸ್ಟ್ ಹತ್ತಿರ ಸೈಲೆನ್ಸರನ್ನು ಹಿಡಿದಿರುವ ಪಟ್ಟಿಯ ಬುಡದಲ್ಲಿ, ಬೆಂಡ್ ಪೈಪು ಹೊಟ್ಟೆಗೆ ಸೇರುವ ಬೆಸುಗೆಯ ಪಕ್ಕದಲ್ಲಿ, ಕೆಲವೊಮ್ಮೆ ಎಂಜಿನ್ ಬಾಯಿಯ ಹತ್ತಿರ. ಕೂದಲೆಳೆಯಂಥ ಗೆರೆ. ಅದರ ಮೇಲೆ ಬೆಸುಗೆ ಹಾಕಿಸಿದರೆ ಮೂರು ತಿಂಗಳಿಗೆ ಅದರ ಪಕ್ಕದಲ್ಲೇ ಇನ್ನೊಂದು ಗೆರೆ ಎದ್ದಿರುತ್ತದೆ. ಯಾಕೆಂದರೆ ಬಿರುಕು ಕಂಡ ಜಾಗ ಒಂದು, ಅದಕ್ಕೆ ಕಾರಣ ಕೂತಿರುವ ಜಾಗ ಇನ್ನೊಂದು.

ಉಕ್ಕು ಕಾದರೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಪೈಪಿನ ಕಾವು 250 ಡಿಗ್ರಿ ಏರಿದರೆ ಸುಮಾರು ಮೂರು ಮಿಲಿಮೀಟರ್ ಉದ್ದವಾಗುತ್ತದೆ. ಈ ಮೂರು ಮಿಲಿಮೀಟರಿಗೆ ಜಾಗ ಕೊಡಲೆಂದೇ ಎಷ್ಟೋ ಬೈಕುಗಳಲ್ಲಿ ಹಿಂದಿನ ಪಟ್ಟಿಗೆ ರಬ್ಬರ್ ಬುಷ್ ಇರುವುದು. ರಬ್ಬರ್ ಗಟ್ಟಿಯಾಗಿದ್ದರೆ, ಅಥವಾ ಕಳೆದುಹೋಗಿ ಅದರ ಬದಲು ಯಾರೋ ನಾಲ್ಕು ವಾಷರ್ ಜಡಿದಿದ್ದರೆ, ಹಿಗ್ಗಿದ ಪೈಪು ತನ್ನ ಮೈಯನ್ನೇ ಬಗ್ಗಿಸಿಕೊಳ್ಳಬೇಕಾಗುತ್ತದೆ. ಇಲ್ಲವೇ ಹಿಂದಿನ ಬೋಲ್ಟ್ ಎಲ್ಲೋ ಉದುರಿ, ಇಡೀ ಸೈಲೆನ್ಸರ್ ಎಂಜಿನ್ ಬಾಯಿಗೆ ಜೋತುಬಿದ್ದು ಪ್ರತಿ ಹಂಪಿಗೂ ಕುಣಿಯುತ್ತಿರುತ್ತದೆ. ನಮ್ಮ ರಸ್ತೆಗಳಲ್ಲಿ ಹಂಪುಗಳಿಗೇನು ಬರವೇ? ಬಿರುಕು ಕಂಡ ಕೂಡಲೇ ಮೊದಲು ಎಲ್ಲ ಬೋಲ್ಟು, ಬುಷ್ಷು, ಪಟ್ಟಿಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಎಂಜಿನ್ ತಣ್ಣಗಿರುವಾಗ ಸೈಲೆನ್ಸರಿನ ಬಾಲ ಹಿಡಿದು ಮೇಲೆ ಕೆಳಗೆ ಆಡಿಸಿದರೆ ಅರ್ಧ ಸಮಸ್ಯೆ ಅಲ್ಲೇ ಗೊತ್ತಾಗುತ್ತದೆ.

ಸೋರಿಕೆ ಇದೆಯೆಂದು ಕಿವಿಗೆ ಮೊದಲು ತಿಳಿಯುತ್ತದೆ. ಸದ್ದು ಒಡಕಾಗುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಎಂದು ಸಣ್ಣ ಪಟಾಕಿ ಹೊಡೆದ ಹಾಗೆ ಕೇಳುತ್ತದೆ. ಮಲ್ಲೇಶ್ವರದ ಏರಿಳಿತದ ಅಡ್ಡರಸ್ತೆಗಳಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಸೀಳಿನ ಮೂಲಕ ಹೊರಗಿನ ಗಾಳಿ ಒಳಸೇರಿ, ಉರಿಯದೆ ಉಳಿದ ಪೆಟ್ರೋಲ್ ಪೈಪಿನೊಳಗೇ ಉರಿಯುವ ಸದ್ದು ಅದು. ಜಾಗ ಹುಡುಕಲು ಎಂಜಿನ್ ತಣ್ಣಗಿರಬೇಕು. ಬೈಕನ್ನು ಬಯಲಲ್ಲಿ ನಿಲ್ಲಿಸಿ, ಸ್ಟಾರ್ಟ್ ಮಾಡಿ, ದಪ್ಪ ಒದ್ದೆ ಬಟ್ಟೆಯಿಂದ ಬಾಲದ ತೂತನ್ನು ಕ್ಷಣಕಾಲ ಅರೆಬರೆ ಮುಚ್ಚಿಹಿಡಿಯಲು ಇನ್ನೊಬ್ಬರಿಗೆ ಹೇಳಿ. ಸೋಪಿನ ನೀರನ್ನು ಬ್ರಷ್‌ನಿಂದ ಅನುಮಾನವಿರುವ ಕಡೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಎಂಜಿನ್ ಬಾಯಿಯ ಹತ್ತಿರ ಮಸಿ ಕಂಡರೆ ಅದು ಬಿರುಕೇ ಆಗಬೇಕೆಂದಿಲ್ಲ. ಒಳಗಿನ ಪ್ಯಾಕಿಂಗ್ ಸುಟ್ಟಿರಬಹುದು. ಅದನ್ನು ಬದಲಿಸುವುದು ಬೆಸುಗೆಗಿಂತ ಅಗ್ಗ.

ಬಯಲಲ್ಲಿ ಎಂದು ಹೇಳಿದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೆಯ ಮನೆಗಳಲ್ಲಿ ಬೈಕನ್ನು ಮೆಟ್ಟಿಲ ಕೆಳಗೋ ನಡುಮನೆಯ ಓಣಿಯಲ್ಲೋ ನಿಲ್ಲಿಸುವ ರೂಢಿಯಿದೆ. ಅಲ್ಲಿ ಎಂಜಿನ್ ಓಡಿಸಿದರೆ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ಮಂಪರು ಬರುವ ಹೊತ್ತಿಗೆ ಎದ್ದು ಹೊರಬರುವ ಶಕ್ತಿಯೂ ಇರದಿರಬಹುದು.

ಇನ್ನು ರಿಪೇರಿಯೋ ಹೊಸದೋ ಎಂಬ ತೀರ್ಮಾನ. ಸ್ಕ್ರೂಡ್ರೈವರಿನ ಹಿಡಿಯಿಂದ ಹೊಟ್ಟೆಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಬನ್ನಿ, ಮಾರುಕಟ್ಟೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಠಣ್ ಎಂದರೆ ತಗಡು ಗಟ್ಟಿ. ಮಂದವಾಗಿ ದಬ್ ಎಂದರೆ ಆ ಜಾಗ ತೆಳ್ಳಗಾಗಿದೆ. ಒಳಗೆ ಗಲಗಲ ಎಂದರೆ ಒಳಗಿನ ಪರದೆಯೋ ಜಾಲಿಯೋ ಕಿತ್ತುಬಂದಿದೆ. ಅದಕ್ಕೆ ಹೊರಗಿನ ಬೆಸುಗೆ ಏನೂ ಮಾಡದು. ಬಿರುಕು ಒಂದೇ ಕಡೆ ಇದ್ದು ಸುತ್ತಲಿನ ತಗಡು ಗಟ್ಟಿಯಾಗಿದ್ದರೆ ಬೆಸುಗೆ ಹಾಕಿಸಿ. ಮೂರು ನಾಲ್ಕು ಕಡೆ ತುಕ್ಕಿನ ತೂತಿದ್ದರೆ ಬೆಸುಗೆಗೆ ಹಿಡಿತವೇ ಸಿಗುವುದಿಲ್ಲ. ಒಂದನ್ನು ಮುಚ್ಚುವಾಗ ಅದರ ಪಕ್ಕ ಎರಡು ತೂತು ಬೀಳುತ್ತವೆ. ಹೊಸದಕ್ಕೆ ಟೌನ್ ಹಾಲಿನಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆ, ಪಕ್ಕದ ಕಲಾಸಿಪಾಳ್ಯ ಇವೆ. ಅಲ್ಲಿ ಒಂದೇ ಬೈಕಿಗೆ ಕಂಪನಿಯದು, ಕಂಪನಿಯದರ ಹಾಗಿರುವುದು ಎಂದು ಎರಡು ಮೂರು ಬೆಲೆಯ ಸೈಲೆನ್ಸರ್‌ಗಳು ಸಿಗುತ್ತವೆ. ಕೈಯಲ್ಲಿ ಎತ್ತಿ ತೂಕ ನೋಡಿ. ಹಗುರವಾದದ್ದರ ತಗಡೂ ತೆಳು.

ನಡುದಾರಿಯಲ್ಲಿ ಸೀಳಿದರೆ ಮನೆ ಸೇರುವ ಉಪಾಯ ಒಂದಿದೆ. ಪಾನೀಯದ ಖಾಲಿ ಡಬ್ಬಿಯ ತಗಡನ್ನು ಕತ್ತರಿಸಿ ಬಿರುಕಿನ ಸುತ್ತ ಸುತ್ತಿ, ಎರಡೂ ತುದಿಗೆ ಹೋಸ್ ಕ್ಲ್ಯಾಂಪ್ ಹಾಕಿ ಬಿಗಿಯುವುದು. ಹೊಟ್ಟೆಯ ಕಡೆಗೆ ಇದು ಕೆಲವು ದಿನ ಸಾಕು, ಎಂಜಿನ್ ಬಾಯಿಯ ಹತ್ತಿರ ನಿಲ್ಲುವುದಿಲ್ಲ. ನಲ್ಲಿ ಸೋರಿಕೆಗೆ ಹಚ್ಚುವ ಎಪಾಕ್ಸಿಯನ್ನು ಇಲ್ಲಿ ಮೆತ್ತಬೇಡಿ. ಆ ಕಾವಿಗೆ ಅದು ಸುಟ್ಟು ಉದುರುತ್ತದೆ. ರೇಡಿಯೋ ರಿಪೇರಿಯವರ ಸೀಸದ ಬೆಸುಗೆಯೂ ಅಷ್ಟೇ, ಅದು 183 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಸೈಲೆನ್ಸರಿಗೆಂದೇ ಸಿಗುವ ಪುಟ್ಟಿ, ಬ್ಯಾಂಡೇಜುಗಳು ತಾತ್ಕಾಲಿಕಕ್ಕೆ ಪರವಾಗಿಲ್ಲ. ಆದರೆ ಬ್ಯಾಂಡೇಜು ಸುತ್ತಿ ಮರೆತುಬಿಟ್ಟರೆ ಅದರಡಿ ತೇವ ಕೂತು ತುಕ್ಕು ಇನ್ನಷ್ಟು ಬೇಗ ಹರಡುತ್ತದೆ.

ಬೆಸುಗೆಗೆ ಹೋಗುವಾಗ ಸೈಲೆನ್ಸರನ್ನು ಬೈಕಿನಿಂದ ಬಿಚ್ಚಿಸಿಯೇ ಕೊಡಿ. ‘ಬಿಚ್ಚೋದೇನೂ ಬೇಡ ಸಾರ್, ಹಾಗೇ ಹೊಡೆದುಬಿಡ್ತೀನಿ’ ಎಂದರೆ ನಕ್ಕು ಬೇಡವೆನ್ನಿ. ಪೆಟ್ರೋಲ್ ಟ್ಯಾಂಕು ಒಂದು ಮೊಳ ದೂರದಲ್ಲಿರುತ್ತದೆ ಎಂಬುದು ಒಂದು ಕಾರಣ. ಕರೆಂಟ್ ವೆಲ್ಡಿಂಗ್ ಆದರೆ ಬೈಕಿನ ಎಲೆಕ್ಟ್ರಾನಿಕ್ಸ್ ಸುಡಬಹುದು ಎಂಬುದು ಎರಡನೆಯದು. ಮೂರನೆಯದನ್ನು ಯಾರೂ ಹೇಳುವುದಿಲ್ಲ: ಬೋಲ್ಟುಗಳ ಎಳೆತದಲ್ಲಿರುವಾಗಲೇ ಬೆಸುಗೆ ಹಾಕಿದರೆ ಆ ಎಳೆತವೂ ಬೆಸುಗೆಯೊಳಗೆ ಕೂತುಬಿಡುತ್ತದೆ. ಬಿಚ್ಚುವ ಹಿಂದಿನ ರಾತ್ರಿ ಎಂಜಿನ್ ಬಾಯಿಯ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಅಲ್ಲಿನ ಸ್ಟಡ್ ಮುರಿದರೆ ಸೈಲೆನ್ಸರಿನ ಖರ್ಚಿನ ಮೇಲೆ ಲೇತಿನವರ ಖರ್ಚೂ ಬೀಳುತ್ತದೆ.

ಈಗಿನ ಬೈಕಾದರೆ ಪೈಪಿಗೆ ಸ್ಪಾರ್ಕ್ ಪ್ಲಗ್ಗಿನ ಹಾಗೆ ಚುಚ್ಚಿಕೊಂಡಿರುವ ಆಕ್ಸಿಜನ್ ಸೆನ್ಸರನ್ನು ಮೊದಲು ಬಿಚ್ಚಿಡಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಬೈಕುಗಳಲ್ಲಿ ಈ ಸೆನ್ಸರಿನ ಮಾತು ಕೇಳಿಯೇ ಪೆಟ್ರೋಲಿನ ಅಳತೆ ನಿರ್ಧಾರವಾಗುವುದು. ಸೆನ್ಸರಿಗಿಂತ ಮುಂಚೆ ಪೈಪು ಸೀಳಿದ್ದರೆ ಹೊರಗಿನ ಗಾಳಿ ಸೇರಿ ಅದು ಮೋಸಹೋಗುತ್ತದೆ, ಪೆಟ್ರೋಲ್ ಕಮ್ಮಿಯಾಯಿತೆಂದು ಇನ್ನಷ್ಟು ಸುರಿಸುತ್ತದೆ. ಮೈಲೇಜ್ ಬಿದ್ದು, ಮೀಟರಿನಲ್ಲಿ ಎಂಜಿನ್ ದೀಪ ಹತ್ತಿಕೊಂಡು, ಮೆಕ್ಯಾನಿಕ್ ಏನೇನೋ ಬದಲಿಸಿ ಸಾಕಾದ ಮೇಲೆ ಬಿರುಕು ಕಣ್ಣಿಗೆ ಬಿದ್ದ ಪ್ರಸಂಗಗಳಿವೆ. ಇಂಥ ಸೈಲೆನ್ಸರನ್ನು ಗುಜರಿಗೆ ಹಾಕುವಾಗಲೂ ಕಬ್ಬಿಣದ ತೂಕಕ್ಕೆ ಕೊಡಬೇಡಿ. ಒಳಗಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಬೆಲೆಬಾಳುವ ಲೋಹಗಳ ಲೇಪವಿರುತ್ತದೆ. ಮಾರುತಿ ಈಕೋ ವ್ಯಾನಿನ ಸೈಲೆನ್ಸರ್‌ಗಳನ್ನು ಕಳ್ಳರು ಬಿಚ್ಚಿಕೊಂಡು ಹೋಗುವುದು ಇದಕ್ಕೇ.

ಎಂಥ ಬೆಸುಗೆ ಎಂಬುದು ತಗಡಿನ ಮೇಲೆ ನಿಂತಿದೆ. ಗೇಟು, ಗ್ರಿಲ್ಲು ಮಾಡುವ ಅಂಗಡಿಯ ಕಡ್ಡಿ ವೆಲ್ಡಿಂಗ್ ದಪ್ಪ ಕಬ್ಬಿಣಕ್ಕೆ ಹೇಳಿ ಮಾಡಿಸಿದ್ದು. ಒಂದು ಮಿಲಿಮೀಟರ್ ಆಸುಪಾಸಿನ ಸೈಲೆನ್ಸರ್ ತಗಡಿಗೆ ಅದನ್ನು ತಾಗಿಸಿದರೆ, ಬಹಳ ಪಳಗಿದ ಕೈ ಅಲ್ಲದಿದ್ದರೆ, ಬಿರುಕು ಹೋಗಿ ಕಿಟಕಿಯಾಗುತ್ತದೆ. ಸಾದಾ ಉಕ್ಕಿಗೆ ಗ್ಯಾಸ್ ವೆಲ್ಡಿಂಗ್ ಒಳ್ಳೆಯದು. ಕಾರ್ಬೈಡಿನ ಬೆಳ್ಳುಳ್ಳಿ ವಾಸನೆ ಬೀರುತ್ತಿದ್ದ ಹಳೆಯ ಅಂಗಡಿಗಳಲ್ಲಿ ಇದನ್ನೇ ಮಾಡುತ್ತಿದ್ದರು. ತಗಡು ತೀರ ತೆಳ್ಳಗಾಗಿದ್ದರೆ, ಹೊಟ್ಟೆಯ ಹಿಂಭಾಗದಲ್ಲಿ, ಹಿತ್ತಾಳೆ ಕಡ್ಡಿಯ ಬೆಸುಗೆ ಹಾಕಿಸಬಹುದು. ಹಿತ್ತಾಳೆ ಕರಗಲು ಉಕ್ಕಿನಷ್ಟು ಕಾವು ಬೇಡವಾದ್ದರಿಂದ ತಗಡು ಉಳಿಯುತ್ತದೆ. ಕಾರ್ ಬಾಡಿ ಕೆಲಸದವರ ಸಿಓಟು ವೆಲ್ಡಿಂಗ್ ಕೂಡ ತೆಳು ತಗಡಿಗೆ ಹೊಂದುತ್ತದೆ. ಸ್ಟೇನ್‌ಲೆಸ್ ಸ್ಟೀಲಾದರೆ ಆರ್ಗಾನ್ ವೆಲ್ಡಿಂಗ್ ಹಾಕುವವರನ್ನೇ ಹುಡುಕಬೇಕು. ಸ್ಟೇನ್‌ಲೆಸ್ ಹೌದೋ ಅಲ್ಲವೋ ತಿಳಿಯಲು ಎಲ್ಲರೂ ಅಯಸ್ಕಾಂತ ಹಿಡಿಯುತ್ತಾರೆ. ಅದು ಇಲ್ಲಿ ಕೈಕೊಡುತ್ತದೆ: ಪಾತ್ರೆಯ ಸ್ಟೀಲಿಗೆ ಅಯಸ್ಕಾಂತ ಅಂಟದಿದ್ದರೂ, ಸೈಲೆನ್ಸರಿಗೆ ಬಳಸುವ 409 ದರ್ಜೆಯ ಸ್ಟೇನ್‌ಲೆಸ್‌ಗೆ ಚೆನ್ನಾಗಿಯೇ ಅಂಟುತ್ತದೆ.

ಅಂಗಡಿಗೆ ಒಯ್ಯುವ ಮುಂಚೆ ನೀವೇ ಮಾಡಬಹುದಾದ ಕೆಲಸವೆಂದರೆ ಉಜ್ಜುವುದು. ಬೆಸುಗೆ ಹತ್ತು ನಿಮಿಷದ್ದು, ಉಜ್ಜುವುದು ಅರ್ಧ ಗಂಟೆಯದು; ಅವಸರದ ಅಂಗಡಿಯಲ್ಲಿ ಮೊದಲು ಬಿಟ್ಟುಹೋಗುವುದು ಇದೇ. ಬಿರುಕಿನ ಸುತ್ತ ಎರಡು ಬೆರಳಗಲ ವೈರ್ ಬ್ರಷ್, ಎಮರಿ ಪೇಪರ್ ಹಾಕಿ ಬಿಳಿ ಲೋಹ ಹೊಳೆಯುವವರೆಗೆ ಉಜ್ಜಿ. ಬಣ್ಣ, ಮಸಿ, ಎಣ್ಣೆಯ ಮೇಲೆ ಹಾಕಿದ ಬೆಸುಗೆ ಮೊಸರಿನ ಕೆನೆಯ ಹಾಗೆ ಮೇಲೆ ಕೂತಿರುತ್ತದೆ. ಕ್ರೋಮ್ ಲೇಪವಿದ್ದರೆ ಆ ಭಾಗದ ಕ್ರೋಮನ್ನು ಗ್ರೈಂಡರಿನಿಂದ ತೆಗೆಸಲೇಬೇಕು, ಹಾಗೆಯೇ ಕಾಯಿಸಿದರೆ ಏಳುವ ಹೊಗೆ ವಿಷ. ಜಿಂಕ್ ಶೀಟಿನ ತುಂಡನ್ನು ಪ್ಯಾಚಿಗೆ ಬಳಸಬೇಡಿ, ಅದರ ಹೊಗೆಯಿಂದ ವೆಲ್ಡಿಂಗ್ ಮಾಡುವವರಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಬಿರುಕಿನ ಎರಡು ತುದಿಗಳನ್ನು ಹುಡುಕಿ, ಪ್ರತಿ ತುದಿಗೂ ಮೂರು ಮಿಲಿಮೀಟರಿನ ಡ್ರಿಲ್ ಹಾಕಿಸಿ. ಇದನ್ನು ಕೇಳಿದರೆ ಕೆಲವು ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ: ಇರುವ ಸೀಳು ಸಾಲದೆಂದು ಇನ್ನೂ ಎರಡು ತೂತೇ? ಸೀಳಿನ ತುದಿ ಸೂಜಿಯಷ್ಟು ಮೊನಚಾಗಿರುವುದರಿಂದ ಎಳೆತವೆಲ್ಲ ಅಲ್ಲೇ ಸೇರಿ ಅದು ಮುಂದಕ್ಕೆ ಹರಿಯುತ್ತದೆ. ದುಂಡು ತೂತಿನಲ್ಲಿ ಎಳೆತ ಸುತ್ತಲೂ ಹಂಚಿಹೋಗಿ ಸೀಳು ಅಲ್ಲೇ ನಿಲ್ಲುತ್ತದೆ. ಆಮೇಲೆ ತೂತನ್ನೂ ಸೇರಿಸಿ ಬೆಸುಗೆ ತುಂಬುತ್ತಾರೆ. ಪಟ್ಟಿಯ ಬುಡದಲ್ಲಿ ಸೀಳಿದ್ದರೆ ಬರೀ ಗೆರೆ ತುಂಬಿದರೆ ಸಾಲದು. ಸುಮಾರು 18 ಗೇಜಿನ ಸಾದಾ ಉಕ್ಕಿನ ತಗಡನ್ನು ಸೈಲೆನ್ಸರಿನ ಮೈಗೆ ತಕ್ಕಂತೆ ಬಗ್ಗಿಸಿ, ಮೂಲೆಗಳನ್ನು ದುಂಡು ಮಾಡಿ, ಅಗಲವಾದ ಪ್ಯಾಚ್ ಹಾಕಿಸಿ. ಮೊದಲು ನಾಲ್ಕು ಕಡೆ ಹಿಡಿತಕ್ಕೆ ಚುಕ್ಕಿ ಬೆಸುಗೆ (ಟ್ಯಾಕ್), ಆಮೇಲೆ ಎದುರುಬದುರಾಗಿ ತುಂಡು ತುಂಡು ಬೆಸುಗೆ. ಒಂದೇ ಉಸಿರಿಗೆ ಸುತ್ತಲೂ ಎಳೆದರೆ ತಗಡು ಸೊಟ್ಟಗಾಗಿ, ವಾಪಸ್ ಕೂರಿಸುವಾಗ ಬೋಲ್ಟಿನ ತೂತೇ ಕೂಡಿಬರುವುದಿಲ್ಲ. ಕಾದಿರುವಾಗ ನೀರಿಗೆ ಅದ್ದಲು ಬಿಡಬೇಡಿ. ನಿಂತು ನೋಡಬೇಕೆನಿಸಿದರೆ ಬೆಳಕಿನತ್ತ ಮಾತ್ರ ನೋಡಬೇಡಿ; ಆಗ ಏನೂ ಅನಿಸದು, ನಡುರಾತ್ರಿ ಕಣ್ಣಿಗೆ ಮರಳು ಎರಚಿದಂತಾಗುತ್ತದೆ. ಮತ್ತೆ, ನೀರು ಬಸಿಯುವ ಆ ತೂತು! ಅದರ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮುಚ್ಚಬೇಡಿ ಎಂದು ಬಾಯಿಬಿಟ್ಟು ಹೇಳಿ.

ಟೂ-ಸ್ಟ್ರೋಕ್ ಬೈಕಿನವರ ಕಷ್ಟ ಬೇರೆ. ನಮ್ಮ ಹಳೆಯ ಬಡಾವಣೆಗಳಲ್ಲಿ ಯೆಜ್ಡಿಗಳನ್ನೂ ಆರ್‌ಎಕ್ಸ್ 100ಗಳನ್ನೂ ಮಗುವಿನ ಹಾಗೆ ಸಾಕಿಕೊಂಡವರು ಇನ್ನೂ ಇದ್ದಾರೆ. 1961ರಿಂದ ಗಾಡಿ ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳಿಗೆ ಸಾಮಾನ್ಯವಾಗಿ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಾಗಾಗಿ ಅಂದಿನ ಸೈಲೆನ್ಸರ್ ಕೈಯಲ್ಲಿದ್ದರೆ ಎಷ್ಟು ಸಲ ಬೇಕಾದರೂ ರಿಪೇರಿ ಮಾಡಿಸಿ ಉಳಿಸಿಕೊಳ್ಳಿ ಎಂದೇ ನನ್ನ ಸಲಹೆ. ಪೆಟ್ರೋಲಿನೊಂದಿಗೆ ಎಣ್ಣೆಯೂ ಉರಿಯುವುದರಿಂದ ಇವುಗಳೊಳಗೆ ಡಾಂಬರಿನಂಥ ಕರಿ ಕಟ್ಟಿರುತ್ತದೆ. ಅದರ ಮೇಲೆ ಬೆಂಕಿ ಹಿಡಿದರೆ ಒಳಗಿನ ಎಣ್ಣೆ ಹೊತ್ತಿಕೊಂಡು ಬಾಲದಿಂದ ಜ್ವಾಲೆ ಚಿಮ್ಮುವುದುಂಟು. ಹಿಂಬದಿಯ ಬ್ಯಾಫಲ್, ಅಂದರೆ ಒಳಗಿನ ಜಾಲಿ, ಕಳಚಿ, ಕಾಸ್ಟಿಕ್ ಸೋಡಾ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿದ ಮೇಲಷ್ಟೇ ಬೆಸುಗೆ. ಕಾಸ್ಟಿಕ್‌ಗೆ ಕೈಗವಸು, ಕನ್ನಡಕ ಬೇಕು. ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರಲ್ಲ. ಅಲ್ಯೂಮಿನಿಯಂ ಬಕೆಟ್ ಕೂಡದು. ಟೂ-ಸ್ಟ್ರೋಕ್‌ನಲ್ಲಿ ಸೈಲೆನ್ಸರಿನ ಆಕಾರವೂ ಎಂಜಿನ್ನಿನದೇ ಒಂದು ಅಂಗ. ಒಳಗಿನ ಒತ್ತಡದ ಅಲೆ ಹಿಂದಿರುಗಿ ಬಂದು ಹೊಸ ಪೆಟ್ರೋಲನ್ನು ಸಿಲಿಂಡರಿನೊಳಗೇ ತಡೆಯುತ್ತದೆ. ಸೀಳು ಬಿಟ್ಟ ಆರ್‌ಎಕ್ಸ್ ಏರು ಹತ್ತಲು ತಿಣುಕಿದರೆ ಕಾರ್ಬುರೇಟರನ್ನು ಬೈಯುವ ಮೊದಲು ಪೈಪನ್ನು ನೋಡಿ.

ಬೆಸುಗೆಗೆಂದು ಹೋದಾಗ ‘ಹೇಗೂ ಬಿಚ್ಚಿದ್ದೀವಲ್ಲ, ಒಳಗಿನ ಜಾಲಿ ತೆಗೆದುಬಿಡೋಣ, ಸೌಂಡ್ ಸಕತ್ತಾಗಿರುತ್ತೆ’ ಎಂಬ ಆಮಿಷ ಬಂದೇ ಬರುತ್ತದೆ. ಒಪ್ಪಬೇಡಿ. ತಯಾರಿಕೆಯ ಹಂತದಲ್ಲಿ 80ರಿಂದ 175 ಸಿಸಿಯ ಬೈಕಿಗೆ 77 ಡೆಸಿಬೆಲ್, ಅದಕ್ಕಿಂತ ದೊಡ್ಡದಕ್ಕೆ 80 ಡೆಸಿಬೆಲ್ ಮಿತಿ ಇದೆ. ಶಬ್ದದ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಮಧ್ಯಾಹ್ನ ಎರಡು ಗಂಟೆಗೆ ಬುಲ್ ಟೆಂಪಲ್ ರಸ್ತೆಯ ಅಡ್ಡಬೀದಿಯ ಮನೆಯಲ್ಲಿ ಮಲಗಿದ ಅಜ್ಜಿಯೊಬ್ಬರನ್ನು ಎಬ್ಬಿಸುವುದಕ್ಕೆ ಯಾವ ಕಲಮು ಎಂದು ನನಗೆ ಸಿಟ್ಟು ಬಂದಾಗಲೆಲ್ಲ ಅನಿಸುತ್ತದೆ.

ವಾಪಸ್ ಕೂರಿಸುವಾಗ ಎಂಜಿನ್ ಬಾಯಿಗೆ ಹೊಸ ಪ್ಯಾಕಿಂಗ್, ಹಿಂದೆ ಹೊಸ ರಬ್ಬರ್ ಬುಷ್. ಇವೆರಡಕ್ಕೂ ಜಿಪುಣತನ ಬೇಡ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ಸಡಿಲವಾಗಿ ಹಾಕಿ, ಸೈಲೆನ್ಸರ್ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲಿ ಕೂರಲು ಬಿಡಿ. ಆಮೇಲೆ ಎಂಜಿನ್ ಬಾಯಿಯ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಒಂದಾದ ಮೇಲೊಂದರಂತೆ ಬಿಗಿದು, ಹಿಂದಿನದನ್ನು ಕೊನೆಯಲ್ಲಿ ಬಿಗಿಯಬೇಕು. ಪಟ್ಟಿಗೂ ಫ್ರೇಮಿಗೂ ನಡುವೆ ಸಂದಿ ಉಳಿದರೆ ಎಳೆದು ಬೋಲ್ಟ್ ಬಿಗಿಯಬೇಡಿ, ಬುಷ್ ಜೊತೆಗೇ ವಾಷರ್ ಕೊಟ್ಟು ಸರಿದೂಗಿಸಿ. ಎಳೆದು ಕೂರಿಸಿದ ಕ್ಷಣವೇ ಮುಂದಿನ ಬಿರುಕಿನ ಜಾತಕ ಬರೆದಂತೆ. ಲಾಲ್‌ಬಾಗ್ ಸುತ್ತ ಒಂದು ಸುತ್ತು ಹೊಡೆದು, ತಣ್ಣಗಾದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ಬಿಗಿಯಿರಿ.

ಸೈಲೆನ್ಸರ್ ಕೂರಿಸುವ ಮೊದಲೇ ಬಣ್ಣ ಹೊಡೆಯಬಹುದು. ಗೇಟಿಗೆ ಹಚ್ಚಿ ಉಳಿದ ಪೇಂಟ್ ಆಗದು. ಕಾವು ತಡೆಯುವ ಪೇಂಟನ್ನೇ ಕೇಳಿ ತನ್ನಿ. ಕಪ್ಪು, ಸಿಲ್ವರ್ ಎರಡರಲ್ಲೂ ಸಿಗುತ್ತದೆ. ತೆಳುವಾಗಿ ಎರಡು ಮೂರು ಸಲ, ನಡುವೆ ಆರಲು ಬಿಟ್ಟು. ಈ ಪೇಂಟ್ ಗಟ್ಟಿಯಾಗುವುದು ಬಿಸಿಲಿಗಲ್ಲ, ಎಂಜಿನ್ನಿನ ಕಾವಿಗೆ. ಹಾಗಾಗಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನ ಮೈಯಿಂದೆಲ್ಲ ಕೆಟ್ಟ ವಾಸನೆಯ ಹೊಗೆ ಏಳುತ್ತದೆ, ಗಾಬರಿ ಬೇಡ. ಮನೆಯ ಮುಂದೆ ಬಟ್ಟೆ ಒಣಹಾಕಿದ್ದರೆ ತೆಗೆದಿಡಲು ಮೊದಲೇ ಹೇಳಿಬಿಡಿ.